ಅಕ್ಕಿ ಹೆಂಡ ಕುಡಿದ ಯಂತ್ರ

ಹಂದಿಯ ತಲೆ ನಗುತ್ತಿತ್ತು. ನಗುವ ತಲೆಗೆ ಬೇಡಿಕೆ ಜಾಸ್ತಿ, ಮಾರುಕಟ್ಟೆಯೆಲ್ಲ ಹುಡುಕಿ ತಂದಿದ್ದರು. ತಂದು ಮಾ ಸುನ್‌ದೊಕ್‌ಳ ಮಿಲ್ಲಿಂಗ್ ಯಂತ್ರದ ಮೇಜಿನ ಮೇಲೆ, ದಿನಾ ಕಬ್ಬಿಣ ಕಚ್ಚಿಸಿ ಕೊರೆಯುವ ಜಾಗದಲ್ಲೇ ಇಟ್ಟಿದ್ದರು. ಬೆಂದ ತಲೆಯ ಕೊಬ್ಬು ತಟ್ಟೆ ಮೀರಿ ಮೇಜಿನ ಸೀಳುಗಳಿಗೆ ಇಳಿಯುತ್ತಿತ್ತು. ಬಂದವರು ಒಬ್ಬೊಬ್ಬರಾಗಿ ಬೂಟು ಬಿಚ್ಚಿ, ನೆಲಕ್ಕೆ ಹಣೆ ಹಚ್ಚಿ, ಎದ್ದು, ಅದರ ಬಾಯಿಗೆ, ಕಿವಿಗೆ, ಮೂಗಿನ ಹೊಳ್ಳೆಗೆ ನೋಟು ತುರುಕುತ್ತಿದ್ದರು. ಸುನ್‌ದೊಕ್ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದಳು. ಅವಳಿಗೆ ಹೇಸಿಗೆ ಹುಟ್ಟಿತ್ತು.

ಹೇಸಿಗೆ ಹಂದಿಯ ಮೇಲಲ್ಲ. ಅದು ಪಾಪ, ಸತ್ತಿದೆ. ಪೂಜೆಯ ಮೇಲೂ ಅಲ್ಲ. ಮುಲ್ಲೆ ಬಡಾವಣೆಯ ಕಬ್ಬಿಣದ ಗಲ್ಲಿಯಲ್ಲಿ ಹೊಸ ಯಂತ್ರ ಕೂತರೆ ಹಂದಿತಲೆ ಇಡುವುದು, ಅಕ್ಕಿ ಹೆಂಡ ಸುರಿಯುವುದು ಅವಳು ಕಂಡ ಕಾಲದಿಂದಲೂ ಇದೆ. ಬೆರಳು ಹೋಗದಿರಲಿ, ಕೆಲಸ ತಪ್ಪದಿರಲಿ ಎಂದು ಎಣ್ಣೆ ಕೈಯವರು ಬೇಡಿಕೊಳ್ಳುವುದರಲ್ಲಿ ನಗುವಂಥದ್ದೇನಿದೆ? ಅವಳಿಗೆ ವಾಕರಿಕೆ ತಂದದ್ದು ಆವತ್ತು ಬಾಗಿದವರ ಕೈಗಳು. ಒಂದು ಕೈಗೂ ಎಣ್ಣೆ ಇರಲಿಲ್ಲ. ಜಿಲ್ಲಾ ಕಚೇರಿಯ ಅಧಿಕಾರಿಯೊಬ್ಬ, ಅವನ ಜೊತೆಗೆ ಕ್ಯಾಮರಾದವನು, ಗೋಡೆಗೆ ಸುತ್ತಿಗೆ ಹಿಡಿದ ಗಂಡಸಿನ ಚಿತ್ರ ಬರೆದ ಕಲಾವಿದರಿಬ್ಬರು, ಮತ್ತೆ ಗಲ್ಲಿಯ ಸಂಘದ ಅಧ್ಯಕ್ಷ ಒಕ್ ಚಿಸು. ಈ ಒಕ್‌ಗೆ ಒಂದು ಕಾಲದಲ್ಲಿ ಲೇತ್ ಅಂಗಡಿ ಇತ್ತು. ಲೇತನ್ನು ಗುಜರಿಗೆ ಹಾಕಿ, ಜಾಗವನ್ನು ಕಾಫಿ ಅಂಗಡಿಗೆ ಬಾಡಿಗೆಗೆ ಕೊಟ್ಟು ನಾಲ್ಕು ವರ್ಷವಾಗಿತ್ತು. ಅಧ್ಯಕ್ಷಗಿರಿ ಮಾತ್ರ ಬಿಟ್ಟಿರಲಿಲ್ಲ.

"ಅಕ್ಕ, ನೀನೂ ಬಾಗ್ಬೇಕು ಕಣಕ್ಕ. ಯಜಮಾನೀನೇ ಬಾಗದೆ ಇದ್ರೆ ಹೆಂಗೆ?" ಅಂದ ಒಕ್.

"ಸೊಂಟ ನೋವು."

"ಮೊನ್ನೆ ಮಣಿಕಟ್ಟು ಅಂತಿದ್ದೆ."

"ಅಲ್ಲಿಂದ ಇಳಿದಿದೆ."

ಒಕ್ ನಕ್ಕು, ಹೆಂಡದ ಬಟ್ಟಲು ಎತ್ತಿದ. ಕ್ಯಾಮರಾದವನು ಏನೋ ಹೇಳಿದ. ಒಕ್ ತಲೆಯಾಡಿಸಿ ಬಟ್ಟಲನ್ನು ಎದೆಯ ಮಟ್ಟಕ್ಕೆ ಹಿಡಿದು, ಮದುವೆ ಮನೆಯಲ್ಲಿ ಪನ್ನೀರು ಚಿಮುಕಿಸುವವನ ಹಾಗೆ ಯಂತ್ರದ ಮೇಜಿನ ಮೂರು ಮೂಲೆಗೆ ಸುರಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಮರಾದವನ ಜೊತೆಗೆ ಬಂದಿದ್ದ ಹುಡುಗಿಯೊಬ್ಬಳು ಸುನ್‌ದೊಕ್‌ಳ ಹತ್ತಿರ ಬಂದಳು.

"ಅಜ್ಜಿ, ಒಂದು ಸುತ್ತಿಗೆ ಹಿಡ್ಕೊಂಡು ನಿಂತ್ಕೊಳ್ತೀರಾ?"

"ಇದು ಮಿಲ್ಲಿಂಗ್ ಅಂಗಡಿ ಕಣಮ್ಮ. ಇಲ್ಲಿ ಸುತ್ತಿಗೆಗೆ ಏನು ಕೆಲಸ?"

"ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಜ್ಜಿ."

"ಅಜ್ಜಿ ಅಂದ ಬಾಯಿಗೆ ಆ ಹಂದಿ ಕಿವೀನೇ ತುರುಕ್ತೀನಿ, ಅದೂ ಚೆನ್ನಾಗಿ ಕಾಣುತ್ತೆ. ಹೋಗು."

ಎಲ್ಲರೂ ಹೋದ ಮೇಲೆ ಸುನ್‌ದೊಕ್ ಬಿಸಿನೀರಿಗೆ ಸೋಪು ಹಾಕಿ ಮೇಜು ಉಜ್ಜಿದಳು. ಎಡಗೈಯಲ್ಲಿ ಉಜ್ಜಿದಳು. ಬಲಗೈ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು.

ಆ ಮಣಿಕಟ್ಟಿನದೇ ಕಥೆ. ಹದಿನೇಳು ತುಂಬಿದಾಗ ಜೊಲ್ಲಾ ಸೀಮೆಯ ಹಳ್ಳಿಯಿಂದ ರೈಲು ಹತ್ತಿ ಬಂದು ಗುರೊದ ಹೊಲಿಗೆ ಕಾರ್ಖಾನೆ ಸೇರಿದವಳು ಅವಳು. ಎಂಬತ್ತೈದನೆಯ ಇಸವಿಯ ಬೇಸಿಗೆಯ ಮುಷ್ಕರದಲ್ಲಿ ಹುಡುಗಿಯರ ಜೊತೆ ಕಾರ್ಖಾನೆಯೊಳಗೆ ಕೂತಳು. ನೀರು ನಿಲ್ಲಿಸಿದರು, ಕರೆಂಟು ಕಿತ್ತರು, ಕೂತೇ ಇದ್ದಳು. ಕೊನೆಗೆ ಜಡೆ ಹಿಡಿದು ಮೆಟ್ಟಿಲ ಮೇಲಿಂದ ಎಳೆದು ಹಾಕಿದರು. ಹೆಸರು ಮುಷ್ಕರದವರ ಕಪ್ಪುಪಟ್ಟಿಗೆ ಸೇರಿತು. ಆ ಪಟ್ಟಿ ಯಾವ ಕಾರ್ಖಾನೆಗೆ ಹೋದರೂ ಅವಳಿಗಿಂತ ಮುಂಚೆ ಹೋಗಿ ಗೇಟಿನಲ್ಲಿ ಕೂತಿರುತ್ತಿತ್ತು. ಮುಲ್ಲೆಯ ಗಲ್ಲಿಗೆ ಮಾತ್ರ ಬರಲಿಲ್ಲ. ಇಲ್ಲಿ ಯಾರಿಗೂ ಪಟ್ಟಿ ಓದುವಷ್ಟು ಪುರುಸೊತ್ತಿರಲಿಲ್ಲ. ಇಲ್ಲಿನ ಒಬ್ಬ ಮಿಲ್ಲಿಂಗ್ ಕೆಲಸಗಾರನನ್ನು ಮದುವೆಯಾದಳು. ಅವನು ಕುಡಿದು ಕುಡಿದು ನಲವತ್ತೊಂಬತ್ತಕ್ಕೆ ಸತ್ತ. ಹೆಣ ಎತ್ತಿದ ಐದನೆಯ ದಿನ ಅವಳು ಯಂತ್ರದ ಹಿಡಿಚಕ್ರ ಹಿಡಿದಳು. ತಿಂಗಳೊಳಗೆ ಬೆರಳು ಕಳಕೊಳ್ಳುತ್ತಾಳೆ ಎಂದು ಗಲ್ಲಿಯ ಗಂಡಸರು ಪಣ ಕಟ್ಟಿದರು. ಇಪ್ಪತ್ತೆರಡು ವರ್ಷವಾಯಿತು, ಹತ್ತೂ ಬೆರಳಿವೆ. ಪಣ ಕಟ್ಟಿದವರಲ್ಲೇ ಇಬ್ಬರಿಗೆ ಒಂದೊಂದು ಕಡಿಮೆ.

ಬೆರಳು ಉಳಿದವು, ಮಣಿಕಟ್ಟು ಹೋಯಿತು. ದಿನಕ್ಕೆ ಸಾವಿರಾರು ಸುತ್ತು ಚಕ್ರ ತಿರುಗಿಸಿ ಒಳಗಿನ ನರ ಹಗ್ಗದ ತುದಿ ಬಿಚ್ಚಿಕೊಂಡ ಹಾಗೆ ಬಿಚ್ಚಿಕೊಂಡಿದೆ, ಇನ್ನೊಂದು ಚಳಿಗಾಲ ತಿರುಗಿಸಿದರೆ ಚಮಚ ಹಿಡಿಯಲೂ ಆಗುವುದಿಲ್ಲ ಎಂದಿದ್ದ ಡಾಕ್ಟರ್. ಅಂಗಡಿ ಮುಚ್ಚುವುದಾದರೆ ಮೊದಲು ತನಗೆ ಹೇಳು ಎಂದು ಒಕ್ ವಾರಕ್ಕೊಮ್ಮೆ ನೆನಪು ಮಾಡುತ್ತಿದ್ದ. ಕೇಕ್ ಅಂಗಡಿಯವರು ಆ ಜಾಗಕ್ಕೆ ಕಾಯುತ್ತಿದ್ದಾರಂತೆ. ಉಳಿದಿದ್ದ ದೊಡ್ಡ ಗಿರಾಕಿ ಒಬ್ಬನೇ, ಯೊಮ್ ಸಾಹುಕಾರ. ಅಕ್ಕಿ ತಿಂಡಿ ಒತ್ತುವ ಯಂತ್ರ ಮಾಡುತ್ತಾನೆ. ಆ ಯಂತ್ರದ ಬಾಯಿಗೆ ಹಾಕುವ ಸ್ಟೀಲ್ ತಟ್ಟೆಗಳು, ಒಂದೊಂದಕ್ಕೂ ಹನ್ನೆರಡು ಹೂವಿನಾಕಾರದ ತೂತು. ಇಪ್ಪತ್ತು ತಟ್ಟೆ ಮುಂದಿನ ವಾರದ ಶನಿವಾರಕ್ಕೆ ಬೇಕು, ಆಗದಿದ್ದರೆ ಸಿಹ್ವಾದ ದೊಡ್ಡ ಕೈಗಾರಿಕಾ ವಸಾಹತಿಗೆ ಕೊಡುತ್ತೇನೆ ಎಂದಿದ್ದ. ಕೈಯಲ್ಲಿ ತಿರುಗಿಸಿ ಇಪ್ಪತ್ತು ತಟ್ಟೆ ಮಾಡುವ ಕೈ ಅವಳಿಗೆ ಉಳಿದಿರಲಿಲ್ಲ. ಚಕ್ರದ ಬದಲು ಮೋಟಾರು, ಮೋಟಾರಿಗೆ ಹೇಳಲು ಕಂಪ್ಯೂಟರು. ಅದು ನಡೆದರೆ ಅಂಗಡಿ, ಇಲ್ಲದಿದ್ದರೆ ಕೇಕು.

ಜಿಲ್ಲಾ ಕಚೇರಿಯವರು 'ಬುದ್ಧಿವಂತ ಕಾರ್ಖಾನೆ' ಎಂದು ಎಂಟು ವಾರದ ತರಗತಿ ನಡೆಸಿದ್ದರು. ಇಷ್ಟು ದಿನ ಕಾರ್ಖಾನೆ ನಡೆಸಿದವರು ದಡ್ಡರು ಎಂದು ಅದರ ಅರ್ಥವೇನೋ. ಬಿಳಿ ಬೂಟಿನ ಪ್ಯೋ ಎಂಬ ಮೂವತ್ತರ ಮೇಷ್ಟ್ರು ಪಾಠ ಹೇಳಿದ. ಹೋದವರು ಹನ್ನೊಂದು ಜನ, ಕೊನೆಯ ದಿನ ಉಳಿದವಳು ಸುನ್‌ದೊಕ್ ಒಬ್ಬಳೇ. ವರದಿಯಲ್ಲಿ ತೋರಿಸಲು ಒಂದು ಯಂತ್ರವಾದರೂ ನಡೆಯಬೇಕಿತ್ತು, ಹಾಗಾಗಿ ಪ್ಯೋ ತಾನೇ ಬಂದು ಮೂರು ಮೋಟಾರು ಕೂರಿಸಿ ಹೋಗಿದ್ದ; ಹಂದಿತಲೆ ಇಟ್ಟದ್ದೂ ಅದಕ್ಕೇ. ಮೇಜು ಓಡುವ ಹಾದಿಯ ಎರಡೂ ತುದಿಗೆ ಒಂದೊಂದು ಚಿಕ್ಕ ಸ್ವಿಚ್ಚನ್ನೂ ಇಟ್ಟಿದ್ದ. ಮೇಜು ಮಿತಿ ಮೀರಿ ಹೋದರೆ ಸ್ವಿಚ್ಚು ತಗುಲಿ ಎಲ್ಲ ನಿಲ್ಲುತ್ತದೆ. ಅದಕ್ಕೆ ಕಬ್ಬಿಣದ ಹೊಟ್ಟು ಬೀಳದಿರಲೆಂದು ಸುನ್‌ದೊಕ್ ತಗಡಿನ ಮುಚ್ಚಳ ಬಗ್ಗಿಸಿ ಹಾಕಿದ್ದಳು. ಇನ್ನುಳಿದದ್ದು ಕಂಪ್ಯೂಟರಿಗೆ ಯಂತ್ರದ ಪರಿಚಯ ಮಾಡಿಸುವುದು. ಅದಕ್ಕೊಂದು ತಂತ್ರಾಂಶ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿತ್ತು. ಅದನ್ನು ಓಡಿಸಲು ಹಳೆಯ ಪ್ರಿಂಟರ್ ಕಿಂಡಿ ಇರುವ ಹಳೆಯ ಕಂಪ್ಯೂಟರೇ ಬೇಕು. ಮುಚ್ಚಿಹೋದ ಕಂಪ್ಯೂಟರ್ ಆಟದ ಅಂಗಡಿಯಿಂದ ಒಂದನ್ನು ತಂದಿದ್ದಳು. ಕೀಲಿಮಣೆಯ ಸಂದುಗಳಲ್ಲಿ ಇನ್ನೂ ನೂಡಲ್ಸಿನ ತುಣುಕುಗಳಿದ್ದವು. ಅದನ್ನು ತಲೆಕೆಳಗು ಮಾಡಿ ಬಡಿದು, ಬಿದ್ದದ್ದನ್ನು ನೋಡಿ ಮುಖ ಸಿಂಡರಿಸಿದಳು.

ಪೂಜೆಯ ಮರುದಿನ ಕೆಲಸಕ್ಕೆ ಕೂತಳು. ತಂತ್ರಾಂಶ ಇಂಗ್ಲಿಷಿನದು. ಅಕ್ಷರಗಳನ್ನು ಹೊಲಿಗೆಯ ನಮೂನೆ ನೋಡಿ ಹೊಲಿಯುವ ಹಾಗೆ ಒಂದೊಂದಾಗಿ ಕಾಗದಕ್ಕೆ ಬರೆದುಕೊಂಡು ಅರ್ಥ ಹುಡುಕಿದಳು. ಮೊದಲು ಅದು ಕಂಪ್ಯೂಟರಿನ ನಡುಕ ಅಳೆಯಬೇಕೆಂದಿತು; ಕಂಪ್ಯೂಟರ್ ತಾಳ ತಪ್ಪಿದರೆ ಮೋಟಾರೂ ತಪ್ಪುತ್ತದಂತೆ. ಕಾಲು ಗಂಟೆ ಪರದೆಯ ಮೇಲೆ ಅಂಕಿ ಕುಣಿದವು. ನನ್ನ ಕೈಯ ನಡುಕವನ್ನು ಇಷ್ಟು ಶ್ರದ್ಧೆಯಿಂದ ಯಾವ ಡಾಕ್ಟರೂ ನೋಡಲಿಲ್ಲ ಅಂದುಕೊಂಡಳು.

ಆಮೇಲೆ ಅದು ಕೇಳಿದ್ದು ಸ್ಕ್ರೂ ಒಂದು ಸುತ್ತಿಗೆ ಮೇಜನ್ನು ಎಷ್ಟು ದೂರ ತಳ್ಳುತ್ತದೆ ಎಂದು. ಪ್ಯೋ ಮೇಷ್ಟ್ರು ಫೋನಿನಲ್ಲಿ, "ಐದು ಮಿಲಿಮೀಟರ್ ಹಾಕಿ ಅಮ್ಮ. ಎಲ್ಲಾ ಯಂತ್ರಕ್ಕೂ ಐದೇ," ಅಂದ.

"ಇದಕ್ಕೆ ಐದಲ್ಲ ಮೇಷ್ಟ್ರೇ. ಐದರ ಮೇಲೆ ನೂರರಲ್ಲಿ ಎಂಟು ಪಾಲು. ಇದು ಅಮೆರಿಕದ ಪಟಾಲಮ್ಮಿನವರು ಬಿಟ್ಟುಹೋದ ಯಂತ್ರ, ಇಂಚಿನ ಸ್ಕ್ರೂ."

"ಪುಸ್ತಕದಲ್ಲಿ ಐದು ಅಂತ ಇದೆ."

"ಪುಸ್ತಕ ಚಕ್ರ ತಿರುಗಿಸಿಲ್ಲ. ನಾನು ತಿರುಗಿಸಿದ್ದೀನಿ. ಇನ್ನೊಂದು, ನಾನು ನಿಮ್ಮನ್ನ ಹೆತ್ತಿಲ್ಲ. ಅಮ್ಮ ಅನ್ನಬೇಡಿ."

ಅವಳ ಲೆಕ್ಕವೇ ಸರಿಯಿತ್ತು. ನೂರು ಮಿಲಿಮೀಟರ್ ಹೋಗು ಎಂದರೆ ಮೇಜು ಸರಿಯಾಗಿ ನೂರು ಹೋಯಿತು. ಆ ಒಂದು ಸಂತೋಷ ಆವತ್ತಿನ ಮಧ್ಯಾಹ್ನದವರೆಗೆ ಇತ್ತು. ಊಟವಾದ ಮೇಲೆ ಅಲ್ಯುಮಿನಿಯಂ ತುಂಡೊಂದನ್ನು ಕಚ್ಚಿಸಿ ಪರೀಕ್ಷೆ ಮಾಡಿದಳು. ಬಲಮೂಲೆಯಲ್ಲಿ ಬರಬೇಕಿದ್ದ ಕಚ್ಚು ಎಡಮೂಲೆಯಲ್ಲಿ ಬಂತು. ಇನ್ನೊಂದು ತುಂಡು ಹಾಕಿದಳು, ಅದೂ ಹಾಗೇ. ಕನ್ನಡಿಯಲ್ಲಿ ನೋಡಿದ ಹಾಗೆ ಎಲ್ಲವೂ ಅದಲು ಬದಲು. ಒಂದು ದಿನ ಪೂರ್ತಿ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಇಪ್ಪತ್ತೆರಡು ವರ್ಷ ಚಕ್ರ ತಿರುಗಿಸಿದವಳಿಗೆ ಓಡಾಡುವುದು ಮೇಜು, ಕಟರ್ ನಿಂತಲ್ಲೇ ನಿಂತಿರುತ್ತದೆ. ಬಲಕ್ಕೆ ಅಂದರೆ ಮೇಜು ಬಲಕ್ಕೆ ಹೋಗುವಂತೆ ಅವಳು ದಿಕ್ಕು ತುಂಬಿದ್ದಳು. ತಂತ್ರಾಂಶ ಬರೆದವನು ಮಾತ್ರ ಮೇಜು ನಿಂತಿದೆ, ಕಟರೇ ಓಡಾಡುತ್ತದೆ ಎಂದು ಎಣಿಸಿ ಬರೆದಿದ್ದ. ಕಬ್ಬಿಣದ ಅಂಗಡಿಗೆ ಕಾಲಿಡದ ಮಗ, ಬೈಕೊಂಡಳು. ಆದರೆ ಬೈದರೆ ಕಚ್ಚು ಬಲಕ್ಕೆ ಬರುತ್ತದೆಯೇ? ದಿಕ್ಕು ತಿರುಗಿಸಿ ತುಂಬಿದಳು. ಬೆರಳು ಎಡದ ಗುಂಡಿ ಒತ್ತುವಾಗಲೆಲ್ಲ ಮೈ ಬಲಕ್ಕೆ ವಾಲುತ್ತಿತ್ತು.

ಇಷ್ಟರಲ್ಲಿ ಐದು ದಿನ ಕಳೆದಿತ್ತು. ಆರನೆಯ ದಿನ ಶನಿ ಹಿಡಿಯಿತು.

ಹೂವಿನ ತೂತಿನ ಪ್ರೋಗ್ರಾಂ ತಾನೇ ಬರೆದು ಮೊದಲ ಸ್ಟೀಲ್ ತಟ್ಟೆ ಕಚ್ಚಿಸಿದ್ದಳು, ಮೂರನೆಯ ತೂತು ಅರ್ಧ ಕೊರೆದಿತ್ತು, ಯಂತ್ರ ಗಕ್ಕನೆ ನಿಂತಿತು. ಪರದೆಯ ಮೇಲೆ ಕೆಂಪಕ್ಷರ: ಮೇಜು ಮಿತಿ ಮುಟ್ಟಿದೆ. ಸುನ್‌ದೊಕ್ ಬಗ್ಗಿ ನೋಡಿದಳು. ಮೇಜು ನಟ್ಟನಡುವೆ ಇತ್ತು, ತುದಿ ಎರಡು ಗೇಣು ದೂರ. ತಪ್ಪನ್ನು ಅಳಿಸಿ ಮತ್ತೆ ಓಡಿಸಿದಳು. ಹತ್ತು ನಿಮಿಷ ಓಡಿ ಮತ್ತೆ ಅದೇ ಕೆಂಪು. ನಡುವೆ ನಿಂತ ಕಟರ್ ಸ್ಟೀಲಿಗೆ ಉಜ್ಜಿ ಸುಟ್ಟಿತ್ತು, ತಟ್ಟೆ ಗುಜರಿಯಾಯಿತು.

ಎಲ್ಲಿ ತಪ್ಪಿದೆ? ತಾನು ಹೊಸಬಳು, ಇಂಗ್ಲಿಷ್ ಬಾರದವಳು, ತಪ್ಪು ತನ್ನದೇ ಇರಬೇಕು. ತುಂಬಿದ್ದನ್ನೆಲ್ಲ ಅಳಿಸಿ ಮೊದಲಿಂದ ತುಂಬಿದಳು. ವೇಗ ಕಡಿಮೆ ಮಾಡಿದಳು. ಹಾದಿಯ ಉದ್ದ ಬದಲಿಸಿದಳು. ತಂತ್ರಾಂಶವನ್ನೇ ಕಿತ್ತು ಮತ್ತೆ ಹಾಕಿದಳು. ಮೂರು ದಿನದಲ್ಲಿ ಒಂಬತ್ತು ಸಲ. ಒಮ್ಮೆ ಒಂದು ಗಂಟೆ ಓಡಿ ಆಸೆ ಹುಟ್ಟಿಸುತ್ತಿತ್ತು, ಒಮ್ಮೆ ಗುಂಡಿ ಒತ್ತಿದ ಕೂಡಲೇ ಕೆಂಪು. ಅದರ ಮೇಲೆ ಅಂಗಡಿಯಲ್ಲಿ ಒಂದು ನಾತ ಎದ್ದಿತ್ತು. ಕಟರಿಗೆ ಸುರಿಯುವ ಕೂಲೆಂಟ್ ನೀರು ಕೆಟ್ಟಿದೆಯೆಂದು ತೊಟ್ಟಿ ಬರಿದು ಮಾಡಿ ಉಜ್ಜಿದಳು. ನಾತ ಹೋಗಲಿಲ್ಲ. ಎಂಟು ವಾರ ಪಾಠ ಹೇಳಿದವನ ಬಿಳಿ ಬೂಟು, ಪರದೆಯ ಕೆಂಪಕ್ಷರ, ಕೀಲಿಮಣೆಯ ನೂಡಲ್ಸು, ಎಲ್ಲದರ ಮೇಲೂ ಅವಳಿಗೆ ಅಸಹ್ಯ ಬಂದುಬಿಟ್ಟಿತ್ತು. ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆ.

ಪ್ಯೋ ಮೇಷ್ಟ್ರು ಬಂದು ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡ. "ಕರೆಂಟಿನ ಗದ್ದಲ ಇರ್ಬೇಕು. ಹಳೇ ಗಲ್ಲಿ, ಹಳೇ ತಂತಿ. ಒಂದು ಕೆಲಸ ಮಾಡಿ, ಆ ಮಿತಿ ಸ್ವಿಚ್ಚನ್ನ ಸೆಟ್ಟಿಂಗಲ್ಲೇ ತೆಗೆದುಹಾಕಿ. ಕೇಳೋರಿಲ್ಲದಿದ್ರೆ ನಿಲ್ಲೋದೂ ಇಲ್ಲ."

"ಮೇಜು ತುದಿಗೆ ಹೋಗಿ ಗುದ್ದಿದ್ರೆ?"

"ನೀವು ನೋಡ್ತಾ ಇರ್ತೀರಲ್ಲ."

ಸುನ್‌ದೊಕ್ ತಿರುಪುಳಿ ಕೆಳಗಿಟ್ಟಳು. "ಗುರೊದಲ್ಲಿ ಬಟ್ಟೆ ಕತ್ತರಿಸೋ ಯಂತ್ರಕ್ಕೆ ಒಂದು ತಡೆ ಇತ್ತು ಮೇಷ್ಟ್ರೇ. ಕೆಲಸ ನಿಧಾನ ಆಗುತ್ತೆ ಅಂತ ಸೂಪರ್‌ವೈಸರ್ ಅದನ್ನ ತಂತಿ ಸುತ್ತಿ ಕಟ್ಟಿಟ್ಟ. ನೋಡ್ತಾ ಇರು ಅಂತ ಹುಡುಗೀಗೆ ಹೇಳ್ದ. ಅವಳು ನೋಡ್ತಾನೇ ಇದ್ಲು. ಎರಡು ಬೆರಳು ಹೋಗೋದನ್ನೂ ನೋಡಿದ್ಲು."

"ಅದು ಹಳೇ ಕಾಲ..."

"ಕಾಲ ಹಳೇದು. ಬುದ್ಧಿ ಅದೇ ಇದೆ. ನೀವು ಹೊರಡಿ, ಬೂಟು ಕೊಳೆಯಾಗುತ್ತೆ."

ಅವನ ಹಿಂದೆಯೇ ಒಕ್ ಇಣುಕಿದ. ಯಂತ್ರ ನಿಂತ ಸುದ್ದಿ ಗಲ್ಲಿಯಲ್ಲೆಲ್ಲ ಹರಡಿತ್ತು. "ಹೇಳಿದ್ನಲ್ಲ ಅಕ್ಕ, ಬಾಗು ಅಂತ. ಯಜಮಾನಿ ಬಾಗದ ಯಂತ್ರ ಎಲ್ಲಾದ್ರೂ ಓಡುತ್ತಾ? ಈಗ್ಲಾದ್ರೂ ಒಂದು ನಮಸ್ಕಾರ ಹಾಕು."

"ನಿನ್ನ ಲೇತಿಗೆ ನೀನು ಎಷ್ಟು ಸಲ ಬಾಗಿದ್ದೆ?"

"ಬೇಕಾದಷ್ಟು."

"ಎಲ್ಲಿದೆ ಈಗ ಅದು?"

ಒಕ್‌ಗೆ ನಾಟಿದ ಹಾಗೆ ಕಾಣಲಿಲ್ಲ. "ಕೇಕಿನವರು ಅಳತೆ ತಗೊಳ್ಳೋಕೆ ಬರ್ಬೇಕು ಅಂತಿದ್ದಾರೆ. ಸುಮ್ನೆ ನೋಡ್ಕೊಂಡು ಹೋಗ್ತಾರೆ, ಬೇಡ ಅನ್ಬೇಡ," ಎಂದು ಹೋದ.

ಬುಧವಾರ ಬೆಳಗ್ಗೆ ಬಾಗಿಲು ತೆಗೆದಾಗ ನಾತ ಮುಖಕ್ಕೇ ಬಡಿಯಿತು. ಸುನ್‌ದೊಕ್ ಅಲ್ಲೇ ನಿಂತು ಮೂಗೆಳೆದಳು. ಕೂಲೆಂಟ್ ನೀರು ಕೆಟ್ಟರೆ ಕೊಳೆತ ಮೊಟ್ಟೆಯ ವಾಸನೆ ಬರಬೇಕು. ಇದು ಅದಲ್ಲ. ಇದು ಹುಳಿ. ಅನ್ನದ ಹುಳಿ. ಚಿಕ್ಕಂದಿನಲ್ಲಿ ಅಮ್ಮ ಅಬಕಾರಿಯವರ ಕಣ್ಣು ತಪ್ಪಿಸಿ ಸೌದೆ ಒಟ್ಟಿಲಿನ ಕೆಳಗೆ ಹೆಂಡದ ಮಡಕೆ ಹೂಳುತ್ತಿದ್ದಳು, ಮಳೆನೀರು ಇಳಿದು ಮಡಕೆ ಕೆಟ್ಟಾಗ ಮನೆಯೆಲ್ಲ ಹೀಗೇ ನಾರುತ್ತಿತ್ತು. ಆ ಮಡಕೆಗೆ ಕೈ ಹಾಕಿ ತೊಳೆಯುವ ಕೆಲಸ ಮಗಳದು. ಆ ನಾತ ಅವಳ ಮೂಗು ಸಾಯುವವರೆಗೆ ಮರೆಯುವಂಥದ್ದಲ್ಲ.

ನೆಲಕ್ಕೆ ರಟ್ಟು ಹಾಸಿ, ಯಂತ್ರದ ಹಿಂದೆ ಅಂಗಾತ ಮಲಗಿ, ನಾಯಿಯ ಹಾಗೆ ಮೂಸುತ್ತಾ ಹೋದಳು. ಬಲತುದಿಯ ತಗಡಿನ ಮುಚ್ಚಳದ ಹತ್ತಿರ ನಾತ ಜಾಸ್ತಿಯಾಯಿತು. ಎಡಗೈಯಲ್ಲಿ ತಿರುಪು ಬಿಚ್ಚಿ ಮುಚ್ಚಳ ಎತ್ತಿದಳು.

ಹೊಟ್ಟು ಬೀಳದಿರಲೆಂದು ಅವಳೇ ಬಗ್ಗಿಸಿದ ತಗಡು ಬಟ್ಟಲಿನಂತೆ ಕೆಲಸ ಮಾಡಿತ್ತು. ಮೇಜಿನ ಮೂಲೆಯಿಂದ ಹರಿದು ಬಂದ ಅಕ್ಕಿ ಹೆಂಡ ಅದರೊಳಗೆ ನಿಂತು, ಕೊಬ್ಬಿನ ಜೊತೆ ಕಲೆತು, ಒಣಗಿ, ಗೋಂದಾಗಿ, ಗೋಂದಿನ ಮೇಲೆ ಬಿಳಿ ಬೂಷ್ಟು ಮೊಲದ ತುಪ್ಪಳದ ಹಾಗೆ ಬೆಳೆದಿತ್ತು. ಒಂದು ಜಿರಳೆ ಅದರಲ್ಲಿ ಕಾಲು ಸಿಕ್ಕಿಕೊಂಡು ಸತ್ತಿತ್ತು, ಇನ್ನೊಂದು ಸಾಯುತ್ತಿತ್ತು. ನಡುವೆ ಸ್ವಿಚ್ಚು. ಒಳಗಿನ ಎರಡು ತಾಮ್ರದ ನಾಲಿಗೆಗಳು ಸದಾ ಒಂದಕ್ಕೊಂದು ತಗುಲಿಕೊಂಡೇ ಇರಬೇಕು, ಬಿಟ್ಟರೆ ಮಿತಿ ಮುಟ್ಟಿತೆಂದು ಅರ್ಥ. ಅವುಗಳ ನಡುವೆ ಹುಳಿ ಅಂಟು ಕೂತಿತ್ತು. ಯಂತ್ರ ಸ್ವಲ್ಪ ಅದುರಿದರೂ ಸಂಪರ್ಕ ಬಿಡುತ್ತಿತ್ತು. ಕಂಪ್ಯೂಟರು ಕಂಡದ್ದನ್ನೇ ಹೇಳಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಅವಳು ಮೂರು ದಿನದಿಂದ ಅದಕ್ಕೆ ಬರೆ ಎಳೆಯುತ್ತಿದ್ದಳು.

ಸ್ವಿಚ್ಚನ್ನು ಕಿತ್ತು ಹಳೆಯ ಬಟ್ಟೆಯ ಮೇಲಿಟ್ಟುಕೊಂಡು ಸೀದಾ ಒಕ್‌ನ ಕಾಫಿ ಅಂಗಡಿಗೆ ನಡೆದಳು. ಅವನು ಕಿಟಕಿ ಪಕ್ಕ ಕೂತು ಬಾಡಿಗೆದಾರನ ಪುಕ್ಕಟೆ ಕಾಫಿ ಕುಡಿಯುತ್ತಿದ್ದ. ಬಟ್ಟೆಯನ್ನು ಅವನ ಲೋಟದ ಪಕ್ಕ ಬಿಚ್ಚಿಟ್ಟಳು.

"ತಗೋ. ಕೋಪ ಮಾಡ್ಕೊಂಡ ದೇವರು ಇಲ್ಲಿದೆ."

ಪಕ್ಕದ ಮೇಜಿನ ಹುಡುಗಿಯರು ಎದ್ದು ದೂರ ಹೋದರು. ಒಕ್ ಲೋಟ ಎತ್ತಿಕೊಂಡ. "ಏನಕ್ಕ ಇದು, ತಿನ್ನೋ ಜಾಗದಲ್ಲಿ."

"ನೀನು ಸುರಿದ ಹೆಂಡ. ಐವತ್ತು ವರ್ಷದಿಂದ ಈ ಗಲ್ಲೀಲಿ ಹೆಂಡ ಸುರೀತಾರೆ. ಎಲ್ಲಿಗೆ ಸುರೀತಾರೆ?"

"ನೆಲಕ್ಕೆ."

"ನೆಲಕ್ಕೆ. ಯಂತ್ರದ ಕಾಲಬುಡಕ್ಕೆ. ಲೇತ್ ಓಡಿಸಿದವನು ನೀನು, ಯಂತ್ರದ ಮೇಜಿಗೆ ಯಾಕೆ ಸುರಿದೆ?"

ಒಕ್ ಕಿಟಕಿಯ ಕಡೆ ನೋಡಿದ. "ಕ್ಯಾಮರಾದವನು ಹೇಳ್ದ. ನೆಲಕ್ಕೆ ಸುರಿದ್ರೆ ಫೋಟೋದಲ್ಲಿ ಬರಲ್ಲ ಅಂತ."

ಸುನ್‌ದೊಕ್ ಬಟ್ಟೆಯನ್ನು ಅವನ ಕಡೆ ಇನ್ನಷ್ಟು ತಳ್ಳಿದಳು. ದೇವರ ಹೆಸರಿನಲ್ಲಿ ಮೂರ್ಖತನ ಮಾಡಿದ್ದರೆ ಬೈಯಬಹುದಿತ್ತು. "ಇದನ್ನ ನೀನೇ ಇಟ್ಕೊ. ಸಂಘದ ಗೋಡೆಗೆ ಚೌಕಟ್ಟು ಹಾಕಿ ನೇತುಹಾಕು," ಎಂದು ಬಟ್ಟೆಯನ್ನು ಅಲ್ಲೇ ಬಿಟ್ಟು ಬಂದಳು.

ಬರುವಾಗ ಬಿಡಿಭಾಗದ ಅಂಗಡಿಯಲ್ಲಿ ಹೊಸ ಸ್ವಿಚ್ಚು ತಂದಳು. ತಗಡಿನ ಮುಚ್ಚಳಕ್ಕೆ ಕೆಳಗೊಂದು ತೂತು ಕೊರೆದಳು. ಇನ್ನು ಹೆಂಡ ಬರಲಿ ಮಳೆ ಬರಲಿ, ಇಳಿದು ಹೋಗಲಿ. ಮಧ್ಯಾಹ್ನ ಯಂತ್ರ ಶುರು ಮಾಡಿದಳು. ಮೂರನೆಯ ತೂತು ದಾಟಿತು. ಆರನೆಯದು ದಾಟಿತು. ಹನ್ನೆರಡನೆಯ ತೂತು ಮುಗಿದು ಕಟರ್ ತಾನೇ ಮೇಲೆದ್ದು ನಿಂತಾಗ ಸುನ್‌ದೊಕ್ ಕುರ್ಚಿ ಎಳೆದುಕೊಂಡು ಕೂತಳು. ಈ ಯಂತ್ರದ ಮುಂದೆ ಅವಳು ಕೂತದ್ದು ಅದೇ ಮೊದಲು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಗುರುವಾರ ಒಂಬತ್ತು, ಶುಕ್ರವಾರ ಹತ್ತು. ಗುರುವಾರದ ಒಂದು ಕೆಟ್ಟಿತು, ಅದು ಅವಳದೇ ತಪ್ಪು. ತಟ್ಟೆಯನ್ನು ವೈಸಿನಲ್ಲಿ ಓರೆಯಾಗಿ ಕಚ್ಚಿಸಿದ್ದಳು. ಶನಿವಾರ ಮುಂಜಾನೆ ಇನ್ನೊಂದು ಮಾಡಿ ಇಪ್ಪತ್ತು ತುಂಬಿಸಿದಳು.

ಯೊಮ್ ಸಾಹುಕಾರ ಒಂಬತ್ತಕ್ಕೆ ಬಂದ. ಸುನ್‌ದೊಕ್ ಕಾಗದದ ಲೋಟದಲ್ಲಿ ಪುಡಿಕಾಫಿ ಕಲಸಿ ಕೊಟ್ಟಳು. ಅವನು ಅದನ್ನು ಬದಿಗಿಟ್ಟು, ವರ್ನಿಯರ್ ತೆಗೆದು ಒಂದೊಂದು ತಟ್ಟೆಯನ್ನೂ ಅಳೆದ. ಐದನೆಯದಕ್ಕೆ ಹುಬ್ಬು ಮೇಲೇರಿತು. ಹತ್ತನೆಯದಕ್ಕೆ ಅಳೆಯುವುದನ್ನು ಬಿಟ್ಟ.

"ಎಲ್ಲಾ ಒಂದೇ ಥರ ಇದೆಯಲ್ಲ ಅಕ್ಕ. ನಿಮ್ಮ ಕೈಯಲ್ಲಿ ಮಾಡ್ತಿದ್ದಾಗ ಒಂದೊಂದಕ್ಕೆ ಒಂದೊಂದು ಮುಖ ಇರ್ತಿತ್ತು."

"ಮುಖ ಇದ್ದಾಗ ಕಡಿಮೆ ಕೊಡ್ತಿದ್ರಿ."

ಯೊಮ್ ನಕ್ಕ. ಜೇಬಿನಿಂದ ಹೆಬ್ಬೆರಳಷ್ಟು ಉದ್ದದ ಪೆನ್‌ಡ್ರೈವ್ ತೆಗೆದು ಕಂಪ್ಯೂಟರಿನ ಪಕ್ಕ ಇಟ್ಟ. "ಹಂಗೇ ಆ ಪ್ರೋಗ್ರಾಂ ಇದಕ್ಕೆ ಹಾಕ್ಕೊಡಿ. ನಿಮಗೆ ಮೈ ಸರಿಯಿಲ್ದಾಗ ನನ್ನ ಕೆಲಸ ನಿಲ್ಬಾರ್ದಲ್ಲ. ಸಿಹ್ವಾದಲ್ಲಿ ಕೊಟ್ರೆ ಅವರೂ ಇದೇ ತಟ್ಟೆ ತೆಗೀತಾರೆ."

ಎಷ್ಟು ಸಲೀಸಾಗಿ ಕೇಳಿದ. ಉಪ್ಪು ಸಾಲ ಕೇಳಿದ ಹಾಗೆ. ಇಪ್ಪತ್ತೆರಡು ವರ್ಷ ಅವಳ ಕೆಲಸ ಅವಳ ಮಣಿಕಟ್ಟಿನಲ್ಲಿ ಇತ್ತು. ಅದು ನೋಯುತ್ತಿತ್ತು ನಿಜ, ಆದರೆ ಅದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಲು ಯಾವ ಸಾಹುಕಾರನಿಗೂ ಆಗುತ್ತಿರಲಿಲ್ಲ. ಗುರೊದಲ್ಲಿ ಹುಡುಗಿಯರ ಕೈ ತೇಯುವವರೆಗೆ ಇಟ್ಟುಕೊಂಡು ಆಮೇಲೆ ಹೊಸ ಕೈ ತರಿಸುತ್ತಿದ್ದರು. ಈಗ ಕೈ ತೇಯುವವರೆಗೂ ಕಾಯಬೇಕಿಲ್ಲ.

"ಆಗಲ್ಲ," ಅಂದಳು.

"ಯಾಕೆ? ದುಡ್ಡು ಕೊಟ್ಟು ಮಾಡಿಸಿದ್ದಲ್ವಾ?"

"ತಟ್ಟೆ ಮಾಡಿಸಿದ್ರಿ. ತಟ್ಟೆ ಇಪ್ಪತ್ತೂ ಇಲ್ಲಿದೆ. ಹೋಟೆಲಲ್ಲಿ ಉಂಡವರು ಎದ್ದು ಹೋಗುವಾಗ ಒಲೆ ಕಟ್ಕೊಂಡು ಹೋಗ್ತಾರಾ?"

"ಹಠ ಮಾಡ್ಬೇಡಿ ಅಕ್ಕ. ಹಿಂಗಾದ್ರೆ ಮುಂದಿನ ಸಲ ಸಿಹ್ವಾಗೇ ಕೊಟ್ಬಿಡ್ತೀನಿ."

"ಕೊಡಿ. ಇಪ್ಪತ್ತು ತಟ್ಟೆಗೆ ಅಲ್ಲಿ ಯಾರು ಯಂತ್ರ ನಿಲ್ಲಿಸಿ ಕಟರ್ ಬದಲಾಯಿಸ್ತಾರೆ ಕೇಳ್ಕೊಂಡು ಬನ್ನಿ. ಎರಡು ಸಾವಿರ ತಟ್ಟೆ ಮಾಡಿಸ್ತೀರಾ? ಇಡೀ ದೇಶದಲ್ಲಿ ಅಷ್ಟು ತಿಂಡಿ ಅಂಗಡಿ ಇದೆಯಾ ನಿಮಗೆ?"

ಯೊಮ್ ಪೆನ್‌ಡ್ರೈವಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ. ಕಾಫಿಯ ಮೇಲೆ ಕೆನೆ ಕಟ್ಟಿತು. ಸುನ್‌ದೊಕ್ ತಟ್ಟೆಗಳನ್ನು ಹಳೆಯ ಪತ್ರಿಕೆಯಲ್ಲಿ ಐದೈದಾಗಿ ಸುತ್ತಿ, ಹಗ್ಗ ಕಟ್ಟಿ, ಅವನ ಕಾಲ ಬಳಿ ತಂದಿಟ್ಟಳು. ಎಡಗೈಯಲ್ಲೇ ಗಂಟು ಹಾಕಿದಳು, ನಾಲ್ಕು ಕಟ್ಟಿಗೂ. ಅವಸರ ಮಾಡಲಿಲ್ಲ.

ಕೊನೆಗೆ ಅವನು ಪೆನ್‌ಡ್ರೈವನ್ನು ಜೇಬಿಗೆ ಹಾಕಿ, ಅದೇ ಜೇಬಿನಿಂದ ಮಡಿಚಿದ ಕಾಗದ ತೆಗೆದ. ಇನ್ನೊಂದು ತಟ್ಟೆಯ ನಕ್ಷೆ, ಅರ್ಧಚಂದ್ರದ ತೂತು. "ಮೂವತ್ತು. ತಿಂಗಳ ಕೊನೆಗೆ," ಅಂದ, ಅವಳ ಮುಖ ನೋಡದೆ.

"ಇಟ್ಟು ಹೋಗಿ."

ಅವನ ಗಾಡಿ ಗಲ್ಲಿಯ ತಿರುವು ದಾಟುವವರೆಗೆ ಕಾದು, ಸುನ್‌ದೊಕ್ ಕೈ ಒರೆಸಿಕೊಂಡು ಪ್ಯೋ ಮೇಷ್ಟ್ರಿಗೆ ಫೋನ್ ಮಾಡಿದಳು.

"ಮೇಷ್ಟ್ರೇ, ಎಂಟು ವಾರದಲ್ಲಿ ಒಂದು ಪಾಠ ಬಿಟ್ಟೋಗಿದೆ. ಈ ಕಂಪ್ಯೂಟರಿಗೆ ಬೀಗ ಹಾಕೋದು ಹೆಂಗೆ?"